ಎರಡು ಸಲವೂ ಎಡಗಡೆಯ ಪಿಸ್ಟನ್ನೇ ಸೀಜ್ ಆಗಿದೆ: ಮರಳದಿಬ್ಬಕ್ಕೆ ಬ್ಯಾನ್ಶೀ ಸಜ್ಜು ಮಾಡುವ ಕ್ರಮ

ಪ್ರಶ್ನೆ: ಯಮಾಹಾ ಬ್ಯಾನ್ಶೀ 350 (ನಾಲ್ಕು ಚಕ್ರದ ಎಟಿವಿ) ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡಿದ್ದೇನೆ. ಹಿಂದಿನವರು ಏರ್‌ಬಾಕ್ಸ್ (ಗಾಳಿ ಫಿಲ್ಟರ್ ಕೂರುವ ಪೆಟ್ಟಿಗೆ) ಕಿತ್ತು ಕಾರ್ಬ್ಯುರೇಟರಿಗೊಂದರಂತೆ ಬಿಡಿ ಫಿಲ್ಟರ್ ಹಾಕಿದ್ದಾರೆ, ಎಕ್ಸಾಸ್ಟ್ ಪೈಪುಗಳನ್ನೂ ಬದಲಿಸಿದ್ದಾರೆ. ಮರಳದಿಬ್ಬದ ಉದ್ದ ಏರಿನಲ್ಲಿ ಎಡಗಡೆಯ ಪಿಸ್ಟನ್ ಸೀಜ್ ಆಯಿತು, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಂತಿತು. ಹೊಸ ಪಿಸ್ಟನ್, ರಿಂಗ್ ಹಾಕಿಸಿದೆ. ಎರಡನೇ ದಿನಕ್ಕೆ ಅದೇ ಎಡಗಡೆಯದು ಮತ್ತೆ ಹಿಡಿದುಕೊಂಡಿತು. ದೊಡ್ಡ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ಬಿಡಿಭಾಗ) ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹೇಗೂ ಎಂಜಿನ್ ಬಿಚ್ಚುತ್ತಿರುವುದರಿಂದ ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ), ಪೋರ್ಟಿಂಗ್ (ಸಿಲಿಂಡರ್ ಗೋಡೆಯ ಗಾಳಿದಾರಿಗಳನ್ನು ತಿದ್ದುವುದು), ಪ್ಯಾಡಲ್ ಟೈರ್ (ಮರಳು ತೋಡುವ ಅಡ್ಡಪಟ್ಟಿಗಳಿರುವ ಟೈರ್) ಎಲ್ಲವನ್ನೂ ಒಟ್ಟಿಗೆ ಮಾಡಿಸಲೇ? ಯಾವುದು ಮೊದಲು?

ಉತ್ತರ: ಹೆಡ್ಡು, ಪೋರ್ಟಿಂಗು ಎರಡನ್ನೂ ಸದ್ಯಕ್ಕೆ ಬದಿಗಿಡಿ. ಎರಡು ಸಲವೂ ಹೋಗಿದ್ದು ಎಡಗಡೆಯದೇ ಎಂದು ಬರೆದಿದ್ದೀರಿ, ಅದೇ ಇಲ್ಲಿನ ದೊಡ್ಡ ಸುಳಿವು. ಜೆಟ್ ಚಿಕ್ಕದಾಗಿದ್ದರೆ ಎರಡು ಕಾರ್ಬ್ಯುರೇಟರಿನಲ್ಲೂ ಚಿಕ್ಕದೇ, ಬಲಗಡೆಯ ಪಿಸ್ಟನ್ ಮೇಲೂ ಗುರುತು ಇರಬೇಕಿತ್ತು. ಒಂದೇ ಬದಿ ಪದೇ ಪದೇ ಹೋಗುತ್ತಿದೆ ಎಂದರೆ ಆ ಬದಿಗೆ ಮಾತ್ರ ಲೆಕ್ಕಕ್ಕೆ ಸಿಗದ ಗಾಳಿ ಹೋಗುತ್ತಿದೆ, ಇಲ್ಲವೇ ಆ ಬದಿಗೆ ಮಾತ್ರ ಪೆಟ್ರೋಲ್ ಕಡಿಮೆ ಬೀಳುತ್ತಿದೆ. ಇದನ್ನು ಪತ್ತೆ ಮಾಡದೆ ಹಾಕಿದ ಮೂರನೇ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ.

ಬ್ಯಾನ್ಶೀ ಎಂಜಿನ್ 347 ಸಿಸಿಯ ಜೋಡಿ ಸಿಲಿಂಡರ್: 64 ಮಿ.ಮೀ. ಬೋರ್, 54 ಮಿ.ಮೀ. ಸ್ಟ್ರೋಕ್, ನೀರಿನಿಂದ ತಂಪಾಗುವಂಥದ್ದು. ಟೂ-ಸ್ಟ್ರೋಕ್ ಆದ್ದರಿಂದ ಪ್ರತಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್ ಕೋಣೆಯೂ ಒಂದು ಪಂಪು. ಅಲ್ಲಿ ಗಾಳಿ ಸೋರಿದರೆ ಕಾರ್ಬ್ಯುರೇಟರ್ ಅಳೆದು ಕೊಟ್ಟ ಮಿಶ್ರಣ ಕೆಟ್ಟುಹೋಗುತ್ತದೆ. ಕ್ರ್ಯಾಂಕಿನ ಎರಡು ತುದಿಗೂ ಒಂದೊಂದು ರಬ್ಬರ್ ಸೀಲ್ ಇದೆ. ಬಲಗಡೆಯದು ಕ್ಲಚ್ ಬದಿ, ಗೇರ್ ಆಯಿಲ್‌ನಲ್ಲೇ ಇರುತ್ತದೆ. ಅದು ಸೋತರೆ ಗೇರ್ ಆಯಿಲ್ ಒಳಕ್ಕೆ ಎಳೆದುಕೊಂಡು ದಟ್ಟ ಬಿಳಿ ಹೊಗೆ ಬರುತ್ತದೆ, ಆಯಿಲ್ ಮಟ್ಟ ಇಳಿಯುತ್ತದೆ, ಹಾಗಾಗಿ ನಮಗೆ ಗೊತ್ತಾಗುತ್ತದೆ. ಎಡಗಡೆಯದು ಮ್ಯಾಗ್ನೆಟೊ ಬದಿ, ಒಣ ಜಾಗ. ಅದು ಸೋತರೆ ಒಳಗೆ ಹೋಗುವುದು ಬರೀ ಗಾಳಿ. ಹೊಗೆ ಇಲ್ಲ, ಕಲೆ ಇಲ್ಲ. ಐಡಲ್ ಸ್ವಲ್ಪ ಏರುಪೇರಾಗಬಹುದು, ಥ್ರಾಟಲ್ ಬಿಟ್ಟ ಮೇಲೆ ಆರ್‌ಪಿಎಂ ನಿಧಾನಕ್ಕೆ ಇಳಿಯಬಹುದು, ಅಷ್ಟೆ. ನಿಮ್ಮ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಈ ಸೀಲನ್ನೇ. ಎರಡನೆಯದು ಎಡ ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಸೇರಿಸುವ ರಬ್ಬರ್ ಬೂಟು, ಅದರ ಜೊತೆಗೆ ಎರಡು ಬೂಟುಗಳನ್ನು ಸೇರಿಸುವ ಚಿಕ್ಕ ಕೊಳವೆ. ವರ್ಷಗಳಾದ ಮೇಲೆ ಬೂಟು ಒಳಮಡಿಕೆಯಲ್ಲಿ ಸೀಳುತ್ತದೆ, ಹೊರಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಬೆರಳಿನಿಂದ ಬಾಗಿಸಿ ನೋಡಬೇಕು.

ಗಾಳಿ ಒತ್ತಡದ ಪರೀಕ್ಷೆ

ಇದನ್ನು ಊಹೆಯಿಂದ ತೀರ್ಮಾನಿಸಬೇಡಿ. ಪೈಪು, ಕಾರ್ಬ್ಯುರೇಟರ್ ಎರಡನ್ನೂ ಕಳಚಿ. ಎರಡು ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಹಾಳೆ ಮತ್ತು ಲೋಹದ ಪಟ್ಟಿಯಿಂದ ಬಿಗಿಯಾಗಿ ಮುಚ್ಚಿ. ಬೂಟುಗಳಿಗೆ ರಬ್ಬರ್ ಬಿರಡೆ ಹಾಕಿ ಕ್ಲ್ಯಾಂಪ್ ಬಿಗಿಯಿರಿ, ಒಂದು ಬಿರಡೆಯಲ್ಲಿ ಪಂಪು ಮತ್ತು ಗೇಜಿನ ಕೊಳವೆ ಇರಲಿ. ಸ್ಪಾರ್ಕ್ ಪ್ಲಗ್‌ಗಳು ಜಾಗದಲ್ಲೇ ಬಿಗಿಯಾಗಿರಬೇಕು. ಕೈಪಂಪಿನಿಂದ 6 ಪಿಎಸ್‌ಐ ತುಂಬಿ 6 ನಿಮಿಷ ಕಾಯಿರಿ. ಮುಳ್ಳು ಕದಲದಿದ್ದರೆ ಒಳ್ಳೆಯದು. ನಿಮಿಷಕ್ಕೆ 1 ಪಿಎಸ್‌ಐ ಇಳಿಯುತ್ತಿದ್ದರೆ ಆ ಎಂಜಿನ್ನನ್ನು ಮರಳಿಗೆ ಒಯ್ಯಬಾರದು. ಕಂಪ್ರೆಸರ್ ಬಳಸಬೇಡಿ, ಒತ್ತಡ 10 ಪಿಎಸ್‌ಐ ದಾಟಿದರೆ ಚೆನ್ನಾಗಿರುವ ಸೀಲೂ ಮಗುಚಿಕೊಳ್ಳಬಹುದು.

ಸೋರಿಕೆ ಇದ್ದರೆ ಸೋಪು ನೀರು ಸಿಂಪಡಿಸಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ: ಬೂಟಿನ ಅಂಚು, ರೀಡ್ ವಾಲ್ವಿನ (ಮಿಶ್ರಣವನ್ನು ಒಳಮುಖವಾಗಿ ಮಾತ್ರ ಬಿಡುವ ಎಲೆ ಕವಾಟ) ಗ್ಯಾಸ್ಕೆಟ್, ಸಿಲಿಂಡರಿನ ಬುಡ, ಪ್ಲಗ್ ವಾಷರ್, ಎರಡು ಕೇಸುಗಳು ಕೂಡುವ ಗೆರೆ. ಮೊದಲು ನಿಮ್ಮ ಬಿರಡೆಗಳೇ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಡ ಸೀಲ್ ನೋಡಲು ಪುಲ್ಲರ್ ಹಾಕಿ ಫ್ಲೈವೀಲ್ ತೆಗೆಯಲೇಬೇಕು, ಸುತ್ತಿಗೆಯಿಂದ ಹೊಡೆದು ತೆಗೆಯುವ ಯೋಚನೆ ಬೇಡ. ಬಲ ಸೀಲ್ ಸೋರುತ್ತಿದ್ದರೆ ಗೇರ್‌ಬಾಕ್ಸಿನ ಗಾಳಿ ಕೊಳವೆಯ ತುದಿಯನ್ನು ಸೋಪು ನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಬರುತ್ತದೆ. ಎಲ್ಲೂ ಗುಳ್ಳೆಯಿಲ್ಲ, ಒತ್ತಡ ಮಾತ್ರ ಇಳಿಯುತ್ತಿದೆ ಎಂದಾದರೆ ರೇಡಿಯೇಟರ್ ಮುಚ್ಚಳ ತೆಗೆದು ನೀರಿನಲ್ಲಿ ಗುಳ್ಳೆ ಏಳುತ್ತಿದೆಯೇ ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಸೀಲಿನ ತುಟಿ ಹೊರಗಿನ ಒತ್ತಡಕ್ಕೆ ಒಂದು ರೀತಿ, ಒಳಗಿನ ಎಳೆತಕ್ಕೆ ಇನ್ನೊಂದು ರೀತಿ ವರ್ತಿಸುತ್ತದೆ. ಆದ್ದರಿಂದ ಪಂಪನ್ನು ತಿರುಗಿಸಿ ಗಾಳಿ ಹೊರಗೆಳೆದೂ ಒಮ್ಮೆ ಪರೀಕ್ಷಿಸಿ. ಆಗ ಕೊಳವೆ ಎಡ ಎಕ್ಸಾಸ್ಟ್‌ನ ಮುಚ್ಚಳದಲ್ಲಿರಬೇಕು, ಎಡ ಪಿಸ್ಟನ್ ಕೆಳತುದಿಯಲ್ಲಿರಬೇಕು. ಬೂಟಿನ ಕಡೆಯಿಂದ ಎಳೆದರೆ ರೀಡ್‌ಗಳು ಮುಚ್ಚಿಕೊಂಡು ಕ್ರ್ಯಾಂಕ್‌ಕೇಸಿನ ಸುದ್ದಿಯೇ ಸಿಗುವುದಿಲ್ಲ.

ಹೋದ ಪಿಸ್ಟನ್ನನ್ನು ಬಿಸಾಡಬೇಡಿ, ಅದರ ಮೇಲಿನ ಗುರುತುಗಳನ್ನು ಓದಿ. ನಾಲ್ಕು ಮೂಲೆಯಲ್ಲಿ ಉದ್ದ ಗೆರೆ ಬಿದ್ದಿದ್ದರೆ ಎಂಜಿನ್ ಬಿಸಿಯಾಗುವ ಮುನ್ನವೇ ಎಳೆದಿದ್ದೀರಿ, ಇಲ್ಲವೇ ಬೋರಿಂಗ್‌ನಲ್ಲಿ (ಸಿಲಿಂಡರಿನ ಒಳಗೋಡೆ ಕೊರೆದು ಅಳತೆಗೆ ತರುವಾಗ) ಪಿಸ್ಟನ್ನಿಗೆ ಬಿಟ್ಟ ಸಂದು ಸಾಲದಾಗಿದೆ. ಎಕ್ಸಾಸ್ಟ್ ಕಡೆ ಮಾತ್ರ ಅಲ್ಯೂಮಿನಿಯಂ ಬಳಿದು ಅಂಚು ಕರಗಿದ್ದರೆ ಮಿಶ್ರಣ ಲೀನ್, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಅಂಚಿನಲ್ಲಿ ಮರಳು ಚಿಮುಕಿಸಿದಂತೆ ಸಣ್ಣ ಕುಳಿಗಳಿದ್ದರೆ ಡಿಟೊನೇಷನ್, ಅಂದರೆ ಮಿಶ್ರಣ ಹದವಾಗಿ ಉರಿಯದೆ ಸಿಡಿದಿದೆ. ಇನ್‌ಟೇಕ್ ಬದಿಯ ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿ, ಮೇಲಿಂದ ಕೆಳಕ್ಕೆ ನವಿರು ಗೀರುಗಳಿದ್ದರೆ ಫಿಲ್ಟರ್ ದಾಟಿ ಮರಳು ಒಳಗೆ ಬಂದಿದೆ. ಎಡಗಡೆಯದರಲ್ಲಿ ಕರಗಿದ ಗುರುತೂ ಬೂದು ಬಣ್ಣವೂ ಎರಡೂ ಇದ್ದರೆ ಕಾರಣಗಳೂ ಎರಡು.

ಮರಳು ಎಂಜಿನ್ನಿಗೆ ಏಕೆ ಇಷ್ಟು ಕಷ್ಟ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಗಟ್ಟಿ ನೆಲದಲ್ಲಿ ಥ್ರಾಟಲ್ ಹಿಡಿಯುವುದು, ಬಿಡುವುದು ನಡೆದೇ ಇರುತ್ತದೆ, ಎಂಜಿನ್ನಿಗೆ ಉಸಿರಾಡಲು ಸಮಯ ಸಿಗುತ್ತದೆ. ದಿಬ್ಬದ ಏರಿನಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಸೆಕೆಂಡುಗಟ್ಟಲೆ ಎಳೆಯಬೇಕು. ಆದರೆ ವೇಗ ಮಾತ್ರ ಕಡಿಮೆ, ರೇಡಿಯೇಟರಿಗೆ ಗಾಳಿಯೂ ಕಡಿಮೆ. ಗಟ್ಟಿ ನೆಲದಲ್ಲಿ ವರ್ಷಗಟ್ಟಲೆ ತಳ್ಳಿಕೊಂಡು ಹೋಗುವ ಸಣ್ಣ ಸೋರಿಕೆ ಇಲ್ಲಿ ಒಂದೇ ಏರಿಗೆ ಪಿಸ್ಟನ್ ತಿನ್ನುತ್ತದೆ. ತುದಿ ಮುಟ್ಟಿದ ಮೇಲೆ ಥ್ರಾಟಲ್ ಪೂರ್ತಿ ಬಿಟ್ಟು, ಗೇರಿನಲ್ಲೇ ಹೆಚ್ಚಿನ ಆರ್‌ಪಿಎಂನಲ್ಲಿ ಇಳಿಯುವುದೂ ಅಪಾಯವೇ. ಆಯಿಲ್ ಬರುವುದು ಪೆಟ್ರೋಲ್ ಜೊತೆಗೆ, ಪೆಟ್ರೋಲ್ ನಿಂತರೆ ಆಯಿಲೂ ನಿಂತಂತೆ. ಇಳಿಯುವಾಗ ಕ್ಲಚ್ ಹಿಡಿಯಿರಿ, ಇಲ್ಲವೇ ನಡುನಡುವೆ ಥ್ರಾಟಲ್ ಸ್ವಲ್ಪ ತೆರೆಯಿರಿ.

ಫಿಲ್ಟರ್

ಬಿಡಿ ಫಿಲ್ಟರ್‌ಗಳನ್ನು ತೆಗೆದು ಏರ್‌ಬಾಕ್ಸ್ ಮತ್ತೆ ಹಾಕಿ. ಇದು ನನ್ನ ಬಲವಾದ ಸಲಹೆ. ಬಿಡಿ ಫಿಲ್ಟರ್ ಗಾಳಿಯನ್ನು ಸರಾಗವಾಗಿ ಬಿಡುತ್ತದೆ ನಿಜ, ಆದರೆ ಹಿಂದಿನ ಚಕ್ರ ಎಸೆಯುವ ಮರಳಿಗೆ ಅದು ಬೆತ್ತಲೆಯಾಗಿ ನಿಂತಿರುತ್ತದೆ. ಏರ್‌ಬಾಕ್ಸ್ ಮುಚ್ಚಳ ತೆಗೆದು, ಒಳಗೆ ಎರಡು ಪದರದ ಫೋಮ್ ಫಿಲ್ಟರ್ ಹಾಕಿದರೆ ಬಿಡಿ ಫಿಲ್ಟರಿನ ಲಾಭದ ಬಹುಪಾಲು ಸಿಕ್ಕಿಬಿಡುತ್ತದೆ. ಮರಳಿಗೆ ಹತ್ತಿಬಲೆಯ ಫಿಲ್ಟರಿಗಿಂತ ಆಯಿಲ್ ಹಾಕಿದ ಫೋಮ್ ಮೇಲು, ಅಂಟಾದ ಆಯಿಲ್ ಅದರ ಆಳದವರೆಗೂ ಪುಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲೊಂದು ನೀರು ಕುಡಿಯದ ಬಟ್ಟೆಯ ಗವುಸು ತೊಡಿಸಿದರೆ ದಪ್ಪ ಮರಳು ಅಲ್ಲೇ ಉದುರುತ್ತದೆ.

ತೊಳೆಯುವುದು ದಿನಕ್ಕೊಮ್ಮೆ. ಸೀಮೆಎಣ್ಣೆಯಲ್ಲಿ ಅದ್ದಿ ಹಿಸುಕಿ, ಹಿಂಡಬೇಡಿ, ತಿರುಚಿದರೆ ಅಂಟು ಬಿಟ್ಟು ಹೊಲಿಗೆ ಸೀಳುತ್ತದೆ. ಪೆಟ್ರೋಲ್ ಬೇಡ, ಅದು ಅಂಟನ್ನು ಕರಗಿಸುತ್ತದೆ. ಆಮೇಲೆ ಬಿಸಿ ಸೋಪು ನೀರು, ನೆರಳಲ್ಲಿ ಪೂರ್ತಿ ಒಣಗಿಸುವುದು, ಫಿಲ್ಟರ್ ಆಯಿಲ್ ಹಾಕಿ ಬಣ್ಣ ಎಲ್ಲೆಡೆ ಒಂದೇ ಸಮನಾಗುವವರೆಗೆ ಹಿಸುಕುವುದು. ಒದ್ದೆಯಿರುವಾಗಲೇ ಆಯಿಲ್ ಹಾಕಿದರೆ ನೀರಿರುವ ಕಡೆ ಆಯಿಲ್ ಹಿಡಿಯುವುದಿಲ್ಲ, ಮರಳು ಅಲ್ಲಿಂದಲೇ ನುಗ್ಗುತ್ತದೆ. ಫಿಲ್ಟರ್ ಕೂರುವ ಅಂಚಿಗೆ ದಪ್ಪಗೆ ಗ್ರೀಸ್ ಬಳಿಯಿರಿ. ಮರಳು ಫೋಮ್ ದಾಟಿ ಬರುವುದಕ್ಕಿಂತ ಅಂಚಿನ ಸಂದಿನಿಂದ ಬರುವುದೇ ಹೆಚ್ಚು. ಪ್ರತಿಸಲ ತೆಗೆದಾಗ ಫಿಲ್ಟರಿನಿಂದ ಕಾರ್ಬ್ಯುರೇಟರಿಗೆ ಹೋಗುವ ಬೂಟಿನ ಒಳಗೆ ಬಿಳಿ ಬಟ್ಟೆ ಆಡಿಸಿ, ಒಂದು ಕಾಳು ಸಿಕ್ಕರೂ ಸವಾರಿ ಅಲ್ಲಿಗೆ ನಿಲ್ಲಿಸಿ. ತೊಳೆದು ಆಯಿಲ್ ಹಾಕಿದ ಎರಡು ಫಿಲ್ಟರ್ ಚೀಲದಲ್ಲಿ ಇಟ್ಟುಕೊಂಡು ಹೋದರೆ ಸ್ಥಳದಲ್ಲಿ ತೊಳೆಯುವ ತಾಪತ್ರಯವೇ ಇಲ್ಲ.

ಕಾರ್ಬ್ಯುರೇಟರ್ ಮತ್ತು ಜೆಟ್

ಸೋರಿಕೆ ನಿಂತ ಮೇಲೆ ಜೆಟ್ಟಿನ ಮಾತು, ಅದಕ್ಕೆ ಮುಂಚೆ ಅಲ್ಲ. ಸೋರುವ ಎಂಜಿನ್ನಿಗೆ ದೊಡ್ಡ ಜೆಟ್ ಹಾಕಿದರೆ ಒಂದು ಆರ್‌ಪಿಎಂನಲ್ಲಿ ಸರಿಹೋಗಿ ಇನ್ನೊಂದರಲ್ಲಿ ಕೆಡುತ್ತದೆ.

ಕಂಪನಿಯ ಕಾರ್ಬ್ಯುರೇಟರ್‌ಗಳು 26 ಮಿ.ಮೀ. ಮಿಕುನಿ, ಮೇನ್ ಜೆಟ್ 200. ಪೈಪು ಬದಲಾಗಿ ಏರ್‌ಬಾಕ್ಸ್ ಮುಚ್ಚಳ ತೆಗೆದ ಗಾಡಿಗೆ ಕಡಿಮೆ ಎತ್ತರದಲ್ಲಿ, 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 280ರಿಂದ ಶುರುಮಾಡಿ. ಬಿಡಿ ಫಿಲ್ಟರನ್ನೇ ಉಳಿಸಿಕೊಳ್ಳುತ್ತೀರಾದರೆ 300. ಇವು ಬೇಕೆಂದೇ ರಿಚ್ ಕಡೆಗೆ, ಅಂದರೆ ಪೆಟ್ರೋಲ್ ಹೆಚ್ಚಿರುವಂತೆ, ಇಟ್ಟ ಅಂಕಿಗಳು. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಗಗ್ಗರಿಸಿದರೆ 10 ಅಂಕಿ ಇಳಿಸಿ, ಗಗ್ಗರಿಕೆ ನಿಂತು ಸ್ವಚ್ಛವಾಗಿ ಎಳೆಯುವ ಹಂತಕ್ಕೆ ಬಂದಾಗ ಪ್ಲಗ್ ನೋಡಿ. ನೋಡುವ ರೀತಿ ಹೀಗೆ: ಹೊಸ ಬಿಆರ್8ಇಎಸ್ ಪ್ಲಗ್‌ಗಳು, ಮರಳಿನಲ್ಲಿ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಎಳೆತ, ಥ್ರಾಟಲ್ ಬಿಡದೆಯೇ ಕಿಲ್ ಸ್ವಿಚ್ ಒತ್ತಿ ಕ್ಲಚ್ ಹಿಡಿಯುವುದು. ಪಿಂಗಾಣಿಯ ತುದಿಯ ಬಣ್ಣ ಏನೂ ಹೇಳುವುದಿಲ್ಲ. ಅದರ ಬುಡದಲ್ಲಿ, ಒಳಗೆ ಆಳದಲ್ಲಿ, ಕಂದು ಉಂಗುರ ಇರಬೇಕು. ಉಂಗುರವೇ ಇಲ್ಲದೆ ಬೆಳ್ಳಗಿದ್ದರೆ ಲೀನ್. ಎಡ, ಬಲ ಎರಡೂ ಪ್ಲಗ್ ಒಂದೇ ರೀತಿ ಕಾಣಬೇಕು.

ಜಾಗ ಬದಲಾದರೆ ಜೆಟ್ಟೂ ಬದಲಾಗುತ್ತದೆ. ಗಾಳಿ ತೆಳುವಾದಾಗ ಕಾರ್ಬ್ಯುರೇಟರ್ ಎಳೆಯುವ ಪೆಟ್ರೋಲ್ ತಾನಾಗಿಯೇ ಸ್ವಲ್ಪ ಇಳಿಯುತ್ತದೆ, ಆದರೆ ಗಾಳಿ ಇಳಿದಷ್ಟಲ್ಲ. ಆದ್ದರಿಂದ ಗಾಳಿಯ ಸಾಂದ್ರತೆ ಎಷ್ಟು ಶೇಕಡಾ ಇಳಿಯಿತೋ ಅದರ ಸುಮಾರು ಅರ್ಧ ಜೆಟ್ ಇಳಿಸಬೇಕು. ಕ್ಯಾಲಿಫೋರ್ನಿಯಾದ ಗ್ಲಾಮಿಸ್ ದಿಬ್ಬಗಳು ಸಮುದ್ರಮಟ್ಟಕ್ಕೆ ಹತ್ತಿರ, ಯೂಟಾದ ಲಿಟಲ್ ಸಹಾರಾ ಸುಮಾರು 1500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಶೇ 14ರಷ್ಟು ತೆಳು, ಹಾಗಾಗಿ ಗ್ಲಾಮಿಸ್‌ನ 280 ಅಲ್ಲಿ 260 ಆಗುತ್ತದೆ. ವಾಪಸ್ ಇಳಿದು ಬಂದಾಗ 280 ಹಾಕಲು ಮರೆತರೆ ಪಿಸ್ಟನ್ ಹೋಗುತ್ತದೆ. ಉಷ್ಣತೆಗೂ ಇದೇ ಲೆಕ್ಕ: ಬೆಳಿಗ್ಗೆ 10 ಡಿಗ್ರಿ, ಮಧ್ಯಾಹ್ನ 35 ಡಿಗ್ರಿ ಇದ್ದರೆ ಒಂದು ಜೆಟ್ಟಿನ ವ್ಯತ್ಯಾಸ. ಬೆಳಗಿನ ತಣ್ಣನೆ ಗಾಳಿಗೆ ಹೊಂದುವ ದೊಡ್ಡ ಜೆಟ್ಟನ್ನೇ ಇಡೀ ದಿನ ಇಟ್ಟುಕೊಳ್ಳಿ.

ಕಾರ್ಬ್ಯುರೇಟರಿನ ಗಾಳಿದಾರಿ ತೆರೆಯುವ ಎರಡು ಸ್ಲೈಡ್‌ಗಳೂ ಒಟ್ಟಿಗೆ ಏಳುತ್ತಿವೆಯೇ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ, ಒಂದೇ ಬದಿ ಸೀಜ್ ಆಗುವುದಕ್ಕೆ ಇದೂ ಕಾರಣ. ಒಂದೇ ಅಳತೆಯ ಎರಡು ಡ್ರಿಲ್ ಬಿಟ್‌ಗಳನ್ನು ಎರಡು ಸ್ಲೈಡಿನ ಕೆಳಗಿಟ್ಟು, ಥ್ರಾಟಲ್ ನಿಧಾನಕ್ಕೆ ಒತ್ತಿ. ಎರಡೂ ಒಂದೇ ಕ್ಷಣಕ್ಕೆ ಸಡಿಲವಾಗಬೇಕು. ಹಾಗಾಗದಿದ್ದರೆ ಕೇಬಲ್ ಅಡ್ಜಸ್ಟರ್ ತಿರುಗಿಸಿ ಸರಿಮಾಡಿ. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನ ಎತ್ತರವೂ ಎರಡರಲ್ಲಿ ಒಂದೇ ಇರಲಿ.

ಹಿಂದಿನವರು ಥ್ರಾಟಲ್ ಓವರ್‌ರೈಡ್ ವ್ಯವಸ್ಥೆಯನ್ನು ಕಿತ್ತಿದ್ದಾರೆಯೇ ನೋಡಿ. ಹೆಬ್ಬೆರಳು ಬಿಟ್ಟ ಮೇಲೂ ಸ್ಲೈಡ್ ತೆರೆದೇ ಉಳಿದರೆ ಸ್ಪಾರ್ಕ್ ಕಡಿಯುವ ಏರ್ಪಾಡು ಅದು. ತುಂಬಾ ಜನ ತೆಗೆಯುತ್ತಾರೆ. ತೆಗೆದಿದ್ದರೆ ಮೈಗೆ ಕಟ್ಟಿಕೊಳ್ಳುವ ದಾರದ ಕಿಲ್ ಸ್ವಿಚ್ ಇಲ್ಲದೆ ಹತ್ತಬೇಡಿ. ಸ್ಲೈಡಿನಲ್ಲಿ ಒಂದು ಮರಳುಕಾಳು ಸಿಕ್ಕಿಕೊಂಡರೆ ಸಾಕು, ಥ್ರಾಟಲ್ ತೆರೆದೇ ನಿಲ್ಲುತ್ತದೆ.

ಪೆಟ್ರೋಲ್ ಹರಿವನ್ನೂ ಅಳೆಯಿರಿ. 50 ಅಶ್ವಶಕ್ತಿ ಕೊಡುವ ಟೂ-ಸ್ಟ್ರೋಕ್ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ ಸುಮಾರು 400 ಮಿ.ಲೀ. ಕುಡಿಯುತ್ತದೆ. ಪೆಟ್ರೋಲ್ ಪೈಪನ್ನು ಪಾತ್ರೆಗೆ ಬಿಟ್ಟು ಒಂದು ನಿಮಿಷ ಹರಿಸಿದಾಗ 600 ಮಿ.ಲೀ. ಆದರೂ ಬೀಳಬೇಕು. ಬೀಳದಿದ್ದರೆ ಪೆಟ್‌ಕಾಕ್ (ಟ್ಯಾಂಕಿನ ಪೆಟ್ರೋಲ್ ನಲ್ಲಿ) ಜಾಲರಿ ಅಥವಾ ಟ್ಯಾಂಕ್ ಮುಚ್ಚಳದ ಗಾಳಿ ಕೊಳವೆ ಕಟ್ಟಿಕೊಂಡಿದೆ. ಚಿಕ್ಕ ಓಟಗಳಲ್ಲಿ ಸರಿಯಿದ್ದು ಉದ್ದ ಏರಿನಲ್ಲಿ ಮಾತ್ರ ಸೀಜ್ ಆಗುವ ಗಾಡಿಗಳಲ್ಲಿ ಇದನ್ನು ನೋಡದೆ ಬಿಡಬಾರದು.

ಆಯಿಲ್ ಬೆರಕೆ 32:1 ಇರಲಿ, ಅಂದರೆ 10 ಲೀಟರ್ ಪೆಟ್ರೋಲ್‌ಗೆ 312 ಮಿ.ಲೀ. ರೇಸಿಂಗ್ ದರ್ಜೆಯ ಟೂ-ಸ್ಟ್ರೋಕ್ ಆಯಿಲ್ ಬೇಕು. ದೋಣಿ ಎಂಜಿನ್ನಿನ ಆಯಿಲ್ ಈ ಬಿಸಿಗೆ ಆಗುವುದಿಲ್ಲ. ಆಯಿಲ್ ಹೆಚ್ಚು ಹಾಕಿದರೆ ಕ್ಷೇಮ ಎಂದು ಜೆಟ್ ಸರಿಮಾಡಿದ ಮೇಲೆ ಪ್ರಮಾಣ ಬದಲಿಸಬೇಡಿ. ಆಯಿಲ್ ಹೆಚ್ಚಿದಷ್ಟು ಅದೇ ಜೆಟ್ಟಿನಲ್ಲಿ ಪೆಟ್ರೋಲ್ ಕಡಿಮೆ ಹರಿಯುತ್ತದೆ, ಮಿಶ್ರಣ ಲೀನ್ ಆಗುತ್ತದೆ.

ಬೋರಿಂಗ್

ಬ್ಯಾನ್ಶೀ ಸಿಲಿಂಡರಿಗೆ ಎರಕದ ಕಬ್ಬಿಣದ ಸ್ಲೀವ್ ಇದೆ, ಬೋರ್ ಮಾಡಬಹುದು. ಎಡಗಡೆ ಮಾತ್ರ ಹೋಗಿದ್ದರೂ ಎರಡನ್ನೂ ಒಂದೇ ಅಳತೆಗೆ ಮಾಡಿಸಿ. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಮಾಡಿಸಬೇಕು, ಸಂದು ಆ ಪಿಸ್ಟನ್ ತಯಾರಕರು ಹೇಳಿದಷ್ಟಿರಬೇಕು. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಅದಕ್ಕೆ ಎರಕದ ಪಿಸ್ಟನ್ನಿನ ಸಂದು ಕೊಟ್ಟರೆ ನಾಲ್ಕು ಮೂಲೆಯಲ್ಲಿ ಹಿಡಿಯುತ್ತದೆ. ಪೋರ್ಟಿನ ಅಂಚುಗಳನ್ನು ಮೊಂಡಾಗಿಸದೆ ಬಿಟ್ಟರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜುವುದು) ಆದ ಮೇಲೆ ಬಿಸಿ ಸೋಪು ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಬಿಳಿ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಒರೆಸಿ. ಸೀಜ್ ಆದ ಎಂಜಿನ್ನಿನ ಕ್ರ್ಯಾಂಕ್‌ಕೇಸಿನಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಅದನ್ನು ತೊಳೆಯದಿದ್ದರೆ ಹೊಸ ಪಿಸ್ಟನ್ನಿಗೂ ಕ್ರ್ಯಾಂಕ್ ಬೇರಿಂಗಿಗೂ ಅದೇ ಚೂರು ಮುಳುವಾಗುತ್ತದೆ. ಹೊಸ ಎಂಜಿನ್ನನ್ನು ಮೂರು ಸಲ ಬಿಸಿಮಾಡಿ ಪೂರ್ತಿ ತಣಿಸಿ. ಮೊದಲ ಟ್ಯಾಂಕ್ ಮುಗಿಯುವವರೆಗೆ ಉದ್ದ ಏರು ಬೇಡ.

ಟೈರ್, ಗೇರಿಂಗ್, ಕ್ಲಚ್

ಪ್ಯಾಡಲ್ ಟೈರ್ ಹಾಕಿಸಿ, ಇದಕ್ಕೆ ಕೊಟ್ಟ ಹಣ ದಂಡವಾಗುವುದಿಲ್ಲ. ನಿಮ್ಮ ಎಂಜಿನ್ನಿಗೆ 20 ಇಂಚಿನ, 8 ಪ್ಯಾಡಲ್‌ನದು ಸಾಕು. ಹೆಚ್ಚು ಪ್ಯಾಡಲ್ ಎಂದರೆ ಹೆಚ್ಚು ಹಿಡಿತ, ಜೊತೆಗೆ ಹೆಚ್ಚು ಹೊರೆ. ಎಂಜಿನ್ ಪವರ್‌ಬ್ಯಾಂಡಿನಿಂದ (ಅದು ಜೋರಾಗಿ ಎಳೆಯುವ ಆರ್‌ಪಿಎಂ ವ್ಯಾಪ್ತಿ) ಕೆಳಗೆ ಬಿದ್ದರೆ ಹಿಡಿತ ಇದ್ದೂ ಉಪಯೋಗವಿಲ್ಲ. ಮುಂದೆ ನಡುವೆ ಒಂದು ಏಣಿರುವ ಟೈರ್ ಇರಲಿ, ಇಲ್ಲವಾದರೆ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುತ್ತದೆ.

ಕಂಪನಿಯ ಸ್ಪ್ರಾಕೆಟ್ 14/41. ಮುಂದಿನದನ್ನು 13 ಮಾಡಿದರೆ ಎಳೆತ ಸುಮಾರು ಶೇ 8 ಹೆಚ್ಚುತ್ತದೆ. ಎರಡಲ್ಲ, ಒಂದೇ ಹಲ್ಲು ಸಾಕು. 22 ಇಂಚಿನ ಟೈರ್ ಆರಿಸಿದರೆ ಅದೇ ಗೇರಿಂಗನ್ನು ಶೇ 10 ಉದ್ದ ಮಾಡಿಬಿಡುತ್ತದೆ, 13ರ ಸ್ಪ್ರಾಕೆಟ್ ಹಾಕಿದ ಲಾಭ ಅಲ್ಲಿಗೆ ಮುಗಿಯಿತು. ಹಿಂದಿನ ಸ್ವಿಂಗ್‌ಆರ್ಮ್ 4 ಇಂಚು ಉದ್ದ ಮಾಡಿಸುವವರಿದ್ದಾರೆ. ಏರಿನಲ್ಲಿ ಮುಂಭಾಗ ಏಳುವುದು ನಿಲ್ಲುತ್ತದೆ, ಆದರೆ ತಿರುವು ನಿಧಾನವಾಗುತ್ತದೆ, ಹಿಂದಿನ ಸ್ಪ್ರಿಂಗ್ ಮೆದುವಾದಂತಾಗುತ್ತದೆ, 520 ಚೈನಿಗೆ 12 ಅಥವಾ 14 ಕೊಂಡಿ ಸೇರಿಸಬೇಕು. ದಿಬ್ಬಗಳ ನಡುವೆ ಸುತ್ತಾಡುವವರಿಗೆ ಅದು ಬೇಡ. ನೇರ ಏರಿನ ಪಂದ್ಯಕ್ಕೆ ಮಾತ್ರ.

ಪ್ಯಾಡಲ್ ಬಂದ ಮೇಲೆ ಸೋಲುವ ಮೊದಲ ಭಾಗ ಕ್ಲಚ್. ಆರ್‌ಪಿಎಂ ಏರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಗಟ್ಟಿ ಸ್ಪ್ರಿಂಗುಗಳನ್ನು ಹಾಕಿ, ಪ್ಲೇಟ್ ಸವೆದಿದ್ದರೆ ಅವನ್ನೂ ಬದಲಿಸಿ. ಗೇರ್ ಆಯಿಲ್ 1.5 ಲೀಟರ್, ಒದ್ದೆ ಕ್ಲಚ್ಚಿಗೆ ಹೊಂದುವಂಥದ್ದು. ಜಾರಿಕೆ ಹೆಚ್ಚಿಸುವ ಕಾರ್ ಆಯಿಲ್ ಹಾಕಬೇಡಿ.

ಹೆಡ್, ಟೈಮಿಂಗ್, ಪೋರ್ಟಿಂಗ್

ಮೇಲಿನದೆಲ್ಲ ಮುಗಿದು, ಒಂದಷ್ಟು ದಿನ ಓಡಿಸಿದ ಮೇಲೆ ಎರಡೂ ಪ್ಲಗ್ ಸಮನಾಗಿ ಕಂದು ಬಣ್ಣ ತೋರಿಸಿದರೆ ಆಗ ಹೆಡ್ ಬದಲಿಸಬಹುದು. ಗೇಜಿನಲ್ಲಿ ಕಂಪ್ರೆಷನ್ 150 ಪಿಎಸ್‌ಐ ಒಳಗಿದ್ದರೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಹೆಚ್ಚು ಆಕ್ಟೇನ್ ಪೆಟ್ರೋಲ್ ನಡೆಯುತ್ತದೆ, ಅದಕ್ಕಿಂತ ಮೇಲೆ ಹೋದರೆ ರೇಸ್ ಪೆಟ್ರೋಲ್ ಬೇಕು. ಪಿಸ್ಟನ್ ಅಂಚಿಗೂ ಹೆಡ್ಡಿಗೂ ನಡುವಿನ ಸಂದನ್ನು ಅಳೆಯಲು ಬೆಸುಗೆ ತಂತಿಯ ತುಂಡನ್ನು ಪಿಸ್ಟನ್ ಪಿನ್ನಿನ ನೇರಕ್ಕೆ, ಗೋಡೆಗೆ ತಾಗುವಂತಿಟ್ಟು, ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿ 1.0ರಿಂದ 1.2 ಮಿ.ಮೀ. ಇರಬೇಕು. ಟೈಮಿಂಗ್, ಅಂದರೆ ಸ್ಪಾರ್ಕ್ ಹೊತ್ತುವ ಕ್ಷಣವನ್ನು, 4 ಡಿಗ್ರಿ ಮುಂದಿಡುವ ಪ್ಲೇಟ್ ಚುರುಕು ಕೊಡುತ್ತದೆ, ಆದರೆ ಬಿಸಿಯನ್ನೂ ಹೆಚ್ಚಿಸುತ್ತದೆ. ಹೆಡ್ಡನ್ನೂ ಇದನ್ನೂ ಒಂದೇ ದಿನ ಮಾಡಬೇಡಿ. ಪೋರ್ಟಿಂಗ್ ಪೈಪಿಗೆ ಹೊಂದಬೇಕು, ಅದನ್ನು ಕೊನೆಗಿಡಿ.

ನಿತ್ಯದ ನಿಗಾ

ರೇಡಿಯೇಟರಿನ ರೆಕ್ಕೆಗಳಿಂದ ಮರಳನ್ನು ಹಿಂದಿನಿಂದ ಮುಂದಕ್ಕೆ, ಮೆಲ್ಲನೆಯ ನೀರಿನಿಂದ ತೊಳೆಯಿರಿ. ಜೋರು ಒತ್ತಡದ ನೀರು ರೆಕ್ಕೆಗಳನ್ನು ಮಡಿಸುತ್ತದೆ, ಬೇರಿಂಗ್ ಸೀಲುಗಳೊಳಗೂ ನುಗ್ಗುತ್ತದೆ. ತಾಪಮಾಪಕ ಹಾಕಿಸಿಕೊಳ್ಳಿ, 95 ಡಿಗ್ರಿ ತೋರಿಸಿದರೆ ನಿಂತು ತಣಿಯಲು ಬಿಡಿ. ಚೈನಿಗೆ ಜಿಡ್ಡು ಆಯಿಲ್ ಹಾಕಿದರೆ ಮರಳು ಸೇರಿ ಅರೆಯುವ ಹಿಟ್ಟಾಗುತ್ತದೆ, ಒಣಗುವ ಮೇಣದ ಲೂಬ್ ಒಳ್ಳೆಯದು. ಗೇರ್ ಆಯಿಲ್ ಮೂರು ದಿನದ ಸವಾರಿಗೊಮ್ಮೆ ಬದಲಿಸಿ. ರೀಡ್ ಎಲೆಗಳನ್ನು ಬೆಳಕಿಗೆ ಹಿಡಿದು ತುದಿ ಹರಿದಿದೆಯೇ ನೋಡಿ. ತುಂಡು ಒಳಗೆ ಹೋಗುವ ಮುಂಚೆ ಗೊತ್ತಾಗಬೇಕು.

ಹಿಂದಿನ ಆಕ್ಸಲ್‌ನ ಜೋಡಿ ನಟ್ಟುಗಳು ಬ್ಯಾನ್ಶೀಯಲ್ಲಿ ಸಡಿಲವಾಗುವುದು ತುಂಬಾ ಸಾಮಾನ್ಯ. ಥ್ರೆಡ್ ಲಾಕ್ ಹಾಕಿ ಎರಡನ್ನೂ ಒಂದಕ್ಕೊಂದು ಬಿಗಿದು, ಬಣ್ಣದಿಂದ ಅಡ್ಡಗೆರೆ ಎಳೆಯಿರಿ. ಪ್ರತಿ ಬೆಳಿಗ್ಗೆ ಗೆರೆ ಕೂಡಿದೆಯೇ ನೋಡುವುದಕ್ಕೆ ಐದು ಸೆಕೆಂಡು ಸಾಕು. ಗ್ಲಾಮಿಸ್‌ನಂಥ ಕಡೆ ನೆಲದಿಂದ 8 ಅಡಿ ಎತ್ತರದ ಬಾವುಟದ ಕಡ್ಡಿ ಕಡ್ಡಾಯ. ದಿಬ್ಬದ ಆಚೆ ಬದಿಯಿಂದ ಬರುವವರಿಗೆ ಮೊದಲು ಕಾಣುವುದು ಆ ಬಾವುಟ, ಆದ್ದರಿಂದ ಅದರ ಬುಡದ ಬೋಲ್ಟನ್ನೂ ಆಕ್ಸಲ್ ನಟ್ಟಿನ ಜೊತೆಗೇ ನೋಡಿಕೊಳ್ಳಿ.